ಖಾನಾಪುರದ ಕಾಕಾನ ಬಾಯಿಬಿಡದ ಕಂಪ್ಯೂಟರ್

ಬೆಳಗಾವಿ-ಖಾನಾಪುರ ಉಭಯ ಪ್ರಾಂತಗಳ ಸಮಸ್ತ ಮಿತ್ರಶ್ರೇಷ್ಠರ ಪಾದಾರವಿಂದಗಳಿಗೆ ತಲೆ ತಗ್ಗಿಸಿ ವಿಜ್ಞಾಪನೆ.

ಇಂದು ಖಾನಾಪುರದ ಕಾಕಾ ಫೋನ್ ಮಾಡಿ ಕರೆಸಿಕೊಂಡರು. ಮಗಳ ಮದುವೆಗೆ ಕರೆಯಬೇಕಾದ ಆರುನೂರು ಮನೆಗಳ ಪಟ್ಟಿ ಹಳೆಯ ಕಂಪ್ಯೂಟರಿನಲ್ಲಿದೆ. ಅದರ ಪೆನ್‌ಡ್ರೈವ್ ಕಿಂಡಿ ಎಂದೋ ಕೆಟ್ಟಿದೆ. ಪಟ್ಟಿ ಪರದೆಯ ಮೇಲೆ ತೆರೆಯುತ್ತದೆ, ಆದರೆ ಕೇಬಲ್ ಜೋಡಿಸಿ ಹೊಸ ಲ್ಯಾಪ್‌ಟಾಪಿಗೆ ತರಲು ಹೋದರೆ ಪಾಸ್‌ವರ್ಡ್ ಕೇಳುತ್ತಿದೆ. ನಾಳೆ ಬೆಳಗ್ಗೆಯೇ ಲಗ್ನಪತ್ರಿಕೆ ಹಂಚಲು ಹೊರಡಬೇಕು.

"ನಾ ಯಾವ ಪಾಸ್‌ವರ್ಡೂ ಇಟ್ಟಿಲ್ಲೋ ತಮ್ಮಾ," ಎಂದರು ಕಾಕಾ.

"ಹಳೇ ಮಷೀನ್ ಐತಿ ಕಾಕಾ, ಹೊಸಬರನ್ನ ಲಗೂ ನಂಬೂದಿಲ್ರಿ," ಎಂದೆ ಗಂಭೀರವಾಗಿ.

ಎರಡು ತಾಸು ಗುದ್ದಾಡಿದೆ. ಕೊನೆಗೆ ಕಾಕಾ ಕನ್ನಡಕ ಏರಿಸಿ, ಹಳೆಯ ಪರದೆ ನೋಡುತ್ತ ಒಂದೊಂದೇ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು.

"ನಿಮ್ಮ ಮನೀ ಹೆಸರು ಮೊದಲ ಬರದೇನಿ ನೋಡು. ಪಾಪ, ನನ್ನ ಈ ಡಬ್ಬಿ ಸಲುವಾಗಿ ನಿನಗೆಷ್ಟ ತ್ರಾಸ!"

ಕಾಕಾನ ಹೆಂಡತಿ ಕಾಕೂ ಎರಡನೇ ಸಲ ಅವಲಕ್ಕಿ ಬಡಿಸಿದರು.

ಆ ಪಾಸ್‌ವರ್ಡ್ ಹೋದ ವಾರ ಇಟ್ಟವನು ನಾನೇ. ಕಾಕಾ ಗಾಬರಿಯಾಗಿ ಕರೆಸಲಿ, ಐದು ನಿಮಿಷದಲ್ಲಿ ತೆರೆದು ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದಿದ್ದೆ. ಏನು ಇಟ್ಟಿದ್ದೆನೋ, ಇಂದು ನೆನಪಿಗೇ ಬರಲಿಲ್ಲ. ಕಾಕಾಗೆ ಇನ್ನೂ ಹೇಳಿಲ್ಲ. ಅವರು ಈ ಜಾಲತಾಣದಲ್ಲಿ ಖಾತೆ ತೆರೆದಿಲ್ಲ, ಅದಕ್ಕೇ ಇಲ್ಲಿ ಇಷ್ಟು ಧೈರ್ಯ.