ಕಲ್ಯಾಣ್‌ಗೆ ಹೋಗಿ ಬಂದವರು

ಡೊಂಬಿವ್ಲಿಯ ಜಯಶೀಲ ಸಾಲಿಯಾನರು ಮುಂಬಯಿಯ ಆಫೀಸಿಗೆ ಹೊರಟರೆ ಮೊದಲು ಉಲ್ಟಾ ದಿಕ್ಕಿನ ಕಲ್ಯಾಣ್‌ಗೆ ಹೋಗುತ್ತಾರೆ. ಅದೇ ಲೋಕಲ್ ರೈಲು ಮುಂಬಯಿಗೆ ವಾಪಸು ಹೊರಟಾಗ ಉಳಿದವರು ಬಾಗಿಲಲ್ಲಿ ನೇತಾಡಿದರೆ ಇವರು ಕಿಟಕಿ ಪಕ್ಕ ಕೂತಿರುತ್ತಾರೆ.

ತಾವಿರುವ ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟಲು ಬಿಡುವುದೇ ಇಲ್ಲ ಎಂದು ಸೊಸೈಟಿ ಮೀಟಿಂಗಿನಲ್ಲಿ ವರ್ಷವಿಡೀ ಗುಡುಗಿದ ಸಾಲಿಯಾನರು ಮೊನ್ನೆ ಎಲ್ಲರಿಗಿಂತ ಮೊದಲು ಒಪ್ಪಿಗೆಯ ಸಹಿ ಹಾಕಿದರು. ಸೆಕ್ರೆಟರಿ ಅದನ್ನು 'ಅಬೌಟ್ ಟರ್ನ್' ಎಂದರು. ಮನೆಗೆ ಬಂದರೆ ಮಗ ಸಮಿತ್, "ಪಪ್ಪಾ, ಯೇ ತೋ ಯೂ-ಟರ್ನ್ ಹೈ!" ಎಂದು ನಕ್ಕ.

"ಎಂತ ಯೂ-ಟರ್ನ್ ಮಾರಾಯ? ನಾನು ಬೇಡ ಅಂದದ್ದಕ್ಕೇ ಬಿಲ್ಡರ್ ಹೊಸ ಮನೆಗೆ ಬಾಲ್ಕನಿ ಕೊಟ್ಟದ್ದು. ಇದು ಕಲ್ಯಾಣ್‌ಗೆ ಹೋಗಿ ಬಂದ ಹಾಗೆ, ಅಷ್ಟೇ!"

ಹೆಂಡತಿ ಸುಂದರಿ ಸೌಟು ಹಿಡಿದೇ ಹೊರಬಂದರು. "ಹಾಗಾದ್ರೆ ಮದುವೆಗೆ ಮೊದಲು ನನ್ನನ್ನು ಬೇಡ ಅಂದದ್ದು ಯಾವ ಬಾಲ್ಕನಿಗೆ?"

ಆ ದಿನ ಸಾಲಿಯಾನರಿಗೆ ಮನೆಯಲ್ಲಿ ಎಲ್ಲೂ ಕೂರಲು ಜಾಗ ಸಿಗಲಿಲ್ಲ.