ಮಾತು ಬಿಟ್ಟ ಓರಗಿತ್ತಿಯರ ಸಂಪರ್ಕ ಪತ್ತೆ

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆ ಹಳ್ಳಿಗಳಿಗೂ ನುಗ್ಗಿತ್ತು. ಆಗ ನಾನು ಸೊರಬ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿದ್ದೆ. ಮನೆ ಶಿಕಾರಿಪುರದಲ್ಲಿ. ದಿನಾ ಬೆಳಿಗ್ಗೆ ಸ್ಕೂಟಿಯಲ್ಲಿ ಹೊರಟು, ಚೆಕ್‌ಪೋಸ್ಟ್‌ನಲ್ಲಿ ಗುರುತಿನ ಚೀಟಿ ತೋರಿಸಿ, ಆನವಟ್ಟಿ ಕಡೆಯ ನಾಲ್ಕು ಹಳ್ಳಿ ಸುತ್ತಬೇಕಿತ್ತು. ಇಪ್ಪತ್ತು ವರ್ಷ ಲಸಿಕೆ, ಬಾಣಂತಿ, ಮಲೇರಿಯಾ ಎಂದು ಓಡಾಡಿದವಳಿಗೆ ಹೊಸದೊಂದು ಕೆಲಸ ಸೇರಿಕೊಂಡಿತ್ತು: ಕಾಂಟ್ಯಾಕ್ಟ್ ಟ್ರೇಸಿಂಗ್. ಪಾಸಿಟಿವ್ ಬಂದವರು ಯಾರ ಯಾರ ಹತ್ತಿರ ಹೋಗಿದ್ದರು ಎಂದು ಕೇಳಿ ಕೇಳಿ ಪಟ್ಟಿ ಮಾಡುವುದು. ನಿಜ ಹೇಳಬೇಕೆಂದರೆ, ಅಷ್ಟು ದಣಿವಿನಲ್ಲೂ ಆ ಪತ್ತೇದಾರಿಕೆ ನನಗೆ ಹಿಡಿಸಿತ್ತು.

ನೀಲಮ್ಮನವರ ಹೆಸರು ಬಂದದ್ದು ಆಗಲೇ. ಎಪ್ಪತ್ತೆರಡು ವರ್ಷ, ಒಬ್ಬರೇ ಇರುವವರು, ಹಿಂದೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವರು. ಮೂರು ದಿನ ಜ್ವರ ಬಂದು ಗಂಟಲು ದ್ರವ ಕೊಟ್ಟಿದ್ದರು. ಪಾಸಿಟಿವ್ ಎಂಬ ಫಲಿತಾಂಶ ಹಿಂದಿನ ದಿನ ಬೆಳಿಗ್ಗೆ ಫೋನಿಗೆ ಬಂದಿತ್ತು. ಆಶಾ ಕಾರ್ಯಕರ್ತೆ ರೇಣುಕಾ ಜೊತೆ ನಾನು ಅವರ ಅಂಗಳದಲ್ಲಿ ನಿಂತು ಫಾರಂ ತೆಗೆದೆ. ಮನೆಯ ಸದಸ್ಯರ ಸಂಖ್ಯೆ: ಒಂದು.

"ಯಾರ ಮನೆಗಾದ್ರೂ ಹೋಗಿದ್ರಾ ಅಮ್ಮ?"

"ಇಲ್ಲ."

"ನಿಮ್ಮನೆಗೆ ಯಾರಾದ್ರೂ ಬಂದಿದ್ರಾ?"

"ಯಾರೂ ಬಂದಿಲ್ಲ."

"ಯಾರ ಹತ್ರ ಮಾತಾಡಿದ್ರಿ?"

"ಯಾರ ಹತ್ರಾನೂ ಮಾತಾಡಿಲ್ಲ ಸಿಸ್ಟರ್. ಮಗಳ ಹತ್ರ ಫೋನಲ್ಲಿ, ಅಷ್ಟೇ."

ಪಕ್ಕದ ಮನೆಯತ್ತ ಕೈ ತೋರಿಸಿದೆ. ರೇಣುಕಾ ನನ್ನ ಕಿವಿಯ ಹತ್ತಿರ ಹೇಳಿದಳು: "ಅದು ಕೊಟ್ರಮ್ಮನ ಮನೆ ಮೇಡಂ. ಇವ್ರ ಓರಗಿತ್ತಿ. ಅವ್ರೂ ಒಬ್ರೇ ಇರೋದು. ಆದ್ರೆ ಇಬ್ರೂ ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು." ಅಣ್ಣ ತಮ್ಮಂದಿರ ಹೆಂಡತಿಯರು, ಇಬ್ಬರೂ ಈಗ ವಿಧವೆಯರು. ಯಾವುದೋ ಮದುವೆ ಮನೆಯಲ್ಲಿ ಜಗಳವಾಯಿತಂತೆ. ಏನು ಜಗಳ ಎಂದರೆ ಊರಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಸಂಪರ್ಕಿತರ ಕಾಲಂನಲ್ಲಿ ಸೊನ್ನೆ ಬರೆದೆ.

ಮನೆಯಲ್ಲೇ ಪ್ರತ್ಯೇಕವಾಗಿರಲು ಬೇರೆ ಶೌಚಾಲಯ ಇರಬೇಕೆಂಬ ನಿಯಮವಿತ್ತು. ಅದನ್ನು ನೋಡಲು ಹಿತ್ತಲಿಗೆ ಹೋದೆ. ಎರಡೂ ಮನೆಗೆ ಒಂದೇ ಹಿತ್ತಲು, ನಡುವೆ ಒಂದು ಬಟ್ಟೆ ಒಗೆಯುವ ಕಲ್ಲು. ನೀಲಮ್ಮನ ಹಿಂಬಾಗಿಲ ಪಕ್ಕದಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿ. ಅದರ ತುಂಬ ಬಳಸಿ ಹಾಕಿದ, ಕಿತ್ತಳೆ ಮುಚ್ಚಳದ ಸಣ್ಣ ಸಿರಿಂಜುಗಳು. ನಮ್ಮ ಕೆಲಸದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಅವು ಇನ್ಸುಲಿನ್ ಸಿರಿಂಜು.

ಮುಂದೆ ಬಂದು ಕೇಳಿದೆ, "ನಿಮಗೆ ಶುಗರ್ ಇದೆಯೇನಮ್ಮ?"

"ಇಲ್ಲ. ಬಿಪಿ ಮಾತ್ರ."

"ಹಾಗಾದ್ರೆ ಆ ಸೂಜಿ ಯಾರದ್ದು?"

ಅವರು ಪಕ್ಕದ ಮನೆಯತ್ತ ಗದ್ದ ಎತ್ತಿ ತೋರಿಸಿದರು.

"ಅವಳಿಗೆ ಕಣ್ಣು ಮಂಜು. ಸೂಜಿ ಗೆರೆ ಕಾಣಲ್ಲ. ಎರಡು ವರ್ಷದ ಹಿಂದೆ ಒಂದಿನ ಬಿಸಿಲಿಗೆ ಹಿಡಕೊಂಡು ನೋಡ್ತಾ ಕೂತಿದ್ಲು. ಹೋಗಿ ಕಸ್ಕೊಂಡೆ, ಡಾಕ್ಟ್ರ ಚೀಟಿ ನೋಡಿ ಚುಚ್ಚಿದೆ, ಬಂದೆ. ನಮ್ಮೆಜಮಾನ್ರಿಗೂ ನಾನೇ ಚುಚ್ತಿದ್ದೆ. ಅವತ್ತಿಂದ ಎರಡು ಹೊತ್ತೂ ಒಗೆಯೋ ಕಲ್ಲಿನ ಮೇಲೆ ಬಂದು ಕೂರ್ತಾಳೆ. ನೀವು ಮಾತಾಡಿದ್ರಾ ಅಂತ ಕೇಳಿದ್ರಿ. ನಾವು ಮಾತಾಡಲ್ಲ."

ಅವರು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಮೂರು ಪ್ರಶ್ನೆಗೂ ನಿಜವನ್ನೇ ಹೇಳಿದ್ದರು.

"ನಿನ್ನೆಯಿಂದ ಚುಚ್ಚಿದ್ದೀರಾ?"

"ಎಲ್ಲಿ? ಈ ರೋಗ ಅವಳಿಗೂ ಅಂಟಿದ್ರೆ ಅಂತ ಹಿಂದಿನ ಬಾಗ್ಲು ಹಾಕ್ಕೊಂಡೆ. ಬಂದು ಬಡಿದ್ಲು. ನಾನು ತೆಗೀಲಿಲ್ಲ."

ನಾನು ಪಕ್ಕದ ಮನೆಗೆ ಓಡಿದೆ. ಕೊಟ್ರಮ್ಮ ಚಾಪೆಯ ಮೇಲೆ ಮಂಪರಿನಲ್ಲಿ ಮಲಗಿದ್ದರು, ತುಟಿ ಒಣಗಿ ಹೋಗಿತ್ತು. ಗ್ಲುಕೋಮೀಟರ್ ನಾನೂರ ಹನ್ನೆರಡು ತೋರಿಸಿತು. ವೈದ್ಯಾಧಿಕಾರಿಗಳಿಗೆ ಫೋನ್ ಮಾಡಿ, ಅವರು ಹೇಳಿದಷ್ಟು ಇನ್ಸುಲಿನ್ ಕೊಟ್ಟು, ಲೋಟ ಲೋಟ ನೀರು ಕುಡಿಸಿ, ಎರಡು ಗಂಟೆ ಅಲ್ಲೇ ಕೂತೆ. ಸಕ್ಕರೆ ಇಳಿಯತೊಡಗಿದ ಮೇಲೆ ಅವರು ಕೇಳಿದ ಮೊದಲ ಮಾತು: "ಅವಳು ಯಾಕೆ ಬಾಗ್ಲು ತೆಗೀಲಿಲ್ಲ? ನಾನೇನು ಮಾಡ್ದೆ?" ನೀಲಮ್ಮನಿಗೆ ಕೋವಿಡ್ ಬಂದಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಹೇಳುವವರು ಯಾರು?

ಕೊಟ್ರಮ್ಮನಿಗೆ ರ‍್ಯಾಪಿಡ್ ಟೆಸ್ಟ್ ಮಾಡಿದಾಗ ಅವರೂ ಪಾಸಿಟಿವ್. ನೆಗೆಟಿವ್ ಆಗಿದ್ದರೆ ಇಬ್ಬರನ್ನೂ ದೂರ ಇಡಬೇಕಿತ್ತು. ದಿನಕ್ಕೆರಡು ಸಲ ಸೂಜಿ ಚುಚ್ಚಲು ಯಾರನ್ನು ಕಳಿಸುವುದೋ ನನಗೆ ತಿಳಿದಿರಲಿಲ್ಲ. ಪಾಸಿಟಿವ್ ಬಂದದ್ದಕ್ಕೆ ನಿಟ್ಟುಸಿರು ಬಿಟ್ಟದ್ದು ನನ್ನ ವೃತ್ತಿಯಲ್ಲಿ ಅದೊಂದೇ ಸಲ. ಇಬ್ಬರಿಗೂ ಸೋಂಕಿರುವುದರಿಂದ ಒಂದೇ ಮನೆಯಲ್ಲಿ ಇರಿಸಬಹುದು ಎಂದರು ವೈದ್ಯರು. ಕೊಟ್ರಮ್ಮ ಚಾಪೆ ಸುತ್ತಿಕೊಂಡು ನೀಲಮ್ಮನ ಮನೆಗೆ ಬಂದರು.

ದಿನಾ ಅಂಗಳದಲ್ಲಿ ನಿಂತು ಇಬ್ಬರ ಆಕ್ಸಿಜನ್ ಪ್ರಮಾಣ ಬರೆದುಕೊಳ್ಳುತ್ತಿದ್ದೆ. ಒಂದೇ ಒಲೆ, ಒಂದೇ ಕೋಣೆ, ಆದರೂ ಮಾತಿಲ್ಲ. "ಉಪ್ಪು ಕಮ್ಮಿ ಆಗಿದೆ ಅಂತ ಅವಳಿಗೆ ಹೇಳ್ರೀ" ಎಂದು ಕೊಟ್ರಮ್ಮ ನನಗೆ ಹೇಳುವರು. "ಶುಗರ್ ಇದ್ದೋರಿಗೆ ನಾಲಿಗೆ ಉದ್ದ ಇರಬಾರ್ದು ಅನ್ರೀ" ಎಂದು ಒಳಗಿಂದ ಉತ್ತರ. ನಡುವೆ ನಾನು. ಜಗಳ ಯಾವುದರದ್ದು ಎಂದು ಇಬ್ಬರನ್ನೂ ಕೇಳಿ ನೋಡಿದೆ. ಇಬ್ಬರದ್ದೂ ಒಂದೇ ಉತ್ತರ: "ಅವಳನ್ನೇ ಕೇಳ್ರೀ."

ಐದನೆಯ ದಿನ ನೀಲಮ್ಮನ ಆಕ್ಸಿಜನ್ ತೊಂಬತ್ತಕ್ಕೆ ಇಳಿಯಿತು. ಸೊರಬದ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಸಿಕ್ಕಿತು, ಆಂಬುಲೆನ್ಸ್ ಬಂತು. ಬೇರೆ ಯಾರೂ ಸಿಗದೆ, ಇನ್ನು ಮುಂದೆ ಸೂಜಿ ಚುಚ್ಚಲು ನಾನೇ ಎರಡು ಹೊತ್ತೂ ಬರುವುದೆಂದು ಆಯಿತು. ವಾಹನ ಹತ್ತುವ ಮೊದಲು ನೀಲಮ್ಮ ಏದುಸಿರು ಬಿಡುತ್ತ ಹಿಂದೆ ತಿರುಗಿದರು. ಈ ಸಲ ನನ್ನ ಮುಖ ನೋಡಲಿಲ್ಲ.

"ಸಿಸ್ಟರ್ ಬರೋತನಕ ಉಣ್ಬೇಡ. ಸೂಜಿ ಮೊದ್ಲು, ಊಟ ಆಮೇಲೆ."

ಕೊಟ್ರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ನನ್ನ ಊಟ ಹಾಳಾಗ್ಲಿ. ನೀ ಮೊದ್ಲು ವಾಪಸ್ ಬಾ" ಎಂದರು.

ರೇಣುಕಾ ಅಲ್ಲೇ ಅತ್ತುಬಿಟ್ಟಳು. ನನಗೆ ಪಿಪಿಇ ಕಿಟ್ಟಿನೊಳಗೆ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಹನ್ನೆರಡು ದಿನದ ಮೇಲೆ ನೀಲಮ್ಮ ಸಣ್ಣಗಾಗಿ, ಆದರೆ ತಮ್ಮ ಕಾಲ ಮೇಲೆಯೇ ನಡೆದು ಮನೆಗೆ ಬಂದರು. ಅಷ್ಟರಲ್ಲಿ ಕೊಟ್ರಮ್ಮನೂ ಗುಣವಾಗಿ ತಮ್ಮ ಮನೆ ಸೇರಿದ್ದರು. ಮಳೆಗಾಲದ ಕೊನೆಗೆ ಲಸಿಕೆ ಹಾಕಲು ಹೋದಾಗ ಕುತೂಹಲ ತಡೆಯಲಾರದೆ ಹಿತ್ತಲಿಗೇ ನಡೆದೆ. ಕೊಟ್ರಮ್ಮ ಕಲ್ಲಿನ ಮೇಲೆ ಕೂತಿದ್ದರು, ನೀಲಮ್ಮ ಸಿರಿಂಜು ಕಣ್ಣೆತ್ತರಕ್ಕೆ ಹಿಡಿದಿದ್ದರು. ಇಬ್ಬರೂ ಮೌನ.

"ಮತ್ತೆ ಮಾತು ಬಿಟ್ರಾ?" ಎಂದೆ.

"ಅವತ್ತು ಆಡಿದ್ವಲ್ಲ" ಎಂದರು ಕೊಟ್ರಮ್ಮ.

ನಮ್ಮ ನಿಯಮಗಳು ಬಾಗಿಲು ಎಣಿಸಿ ಮನೆ ಲೆಕ್ಕ ಹಾಕುತ್ತಿದ್ದವು. ಒಂದು ಬಾಗಿಲು, ಒಬ್ಬ ಮುದುಕಿ, ಸಂಪರ್ಕ ಸೊನ್ನೆ. ಆ ನಿಯಮ ತಪ್ಪೆಂದು ನಾನು ಹೇಳಲಾರೆ. ಅದರಿಂದ ಎಷ್ಟೋ ಜೀವ ಉಳಿದಿರಬೇಕು. ಆದರೆ ಒಂಟಿಯಾಗಿ ಇರುವವರ ಬದುಕಿನಲ್ಲಿ ಬೇರೆ ಯಾರೂ ಇಲ್ಲ ಎಂದು ಅಂದುಕೊಂಡದ್ದು ನನ್ನ ತಪ್ಪು. ನೀಲಮ್ಮನ ಫಾರಂನಲ್ಲಿ ಬರೆದ ಸೊನ್ನೆ ಇನ್ನೊಬ್ಬರ ಪ್ರಾಣ ತೆಗೆಯುವುದರಲ್ಲಿತ್ತು.

ಆಮೇಲೆ ಒಬ್ಬರೇ ಇರುವ ಹಿರಿಯರ ಹತ್ತಿರ ಹೋದಾಗಲೆಲ್ಲ ಫಾರಂ ಬ್ಯಾಗಿನಲ್ಲೇ ಇಟ್ಟು ಕೇಳತೊಡಗಿದೆ: "ನಾಳೆ ನೀವು ಹೊರಗೆ ಬರದಿದ್ರೆ ಯಾರಿಗೆ ತೊಂದರೆ ಆಗುತ್ತೆ?" ತನಗೆ ಯಾರೂ ಇಲ್ಲ ಎಂದು ಆಗಷ್ಟೇ ಹೇಳಿದ್ದ ಒಬ್ಬ ಅಜ್ಜ ಈ ಪ್ರಶ್ನೆಗೆ ಒಂದೊಂದೇ ಬೆರಳು ಮಡಿಸುತ್ತ ನಾಲ್ಕು ಹೆಸರು ಹೇಳಿದರು. ಆ ನಾಲ್ಕೂ ಮನೆಗೆ ಅವತ್ತೇ ಹೋಗಿ ಬಂದೆ.