ಸೀರೆಯ ಇನ್ನೊಂದು ತುದಿ

ಮದುವೆಯ ಹಸಿರು ಸೀರೆಯಿಂದ ಮೀನು ಹಿಡಿದವರನ್ನು ನೋಡಿದ್ದೀರಾ, ಮಕ್ಕಳೇ? ಹೋದ ವಾರ ನಿಮ್ಮ ಅಜ್ಜಿಯೇ ಹಿಡಿದಳು.

ಹುಬ್ಬಳ್ಳಿಯಲ್ಲಿ ನಳದ ನೀರು ಕುಡಿಯುವ ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಗಜೇಂದ್ರಗಡದ ಬದಿಯ ನಮ್ಮೂರ ಕೆರೆ ಬೇಸಿಗೆಯಲ್ಲಿ ಬತ್ತಿ ಒಂದು ಗುಂಡಿಯಷ್ಟಾಗುತ್ತದೆ. ಆಗ ಹೆಂಗಸರು ಇಬ್ಬಿಬ್ಬರಾಗಿ ಹಳೆಯ ಸೀರೆಯ ಎರಡು ತುದಿ ಹಿಡಿದು, ನೀರಲ್ಲಿ ಎಳೆದು ಮೀನಿನ ಮರಿಗಳನ್ನು ಎತ್ತುತ್ತೇವೆ. ಕೊಡದಲ್ಲಿ ಹೊತ್ತು ಕುಡಿಯುವ ನೀರಿನ ಬಾವಿಗೆ ಬಿಡುತ್ತೇವೆ. ತಿನ್ನಲಿಕ್ಕಲ್ಲ. (ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೂ ಮೂಗು ಮುಚ್ಚುತ್ತಾರೆ!) ಅವು ಬಾವಿಯ ಹುಳ ತಿನ್ನುತ್ತವೆ. ಮಳೆ ಬಿದ್ದ ಮೇಲೆ ಮತ್ತೆ ಕೆರೆಗೆ.

ನಿಮ್ಮ ಅಜ್ಜ ಹೋದ ಮೇಲೆ ಇದು ಮೊದಲ ಬೇಸಿಗೆ. ನಾನು ಗುಂಡಿಗೆ ಇಳಿದೆ. ಉಳಿದವರು ದಂಡೆ ಹತ್ತಿದರು.

“ನಿನ್ನ ಕೊಡಾ ಬ್ಯಾಡ ಬಿಡವಾ,” ಎಂದಳು ಓಣಿಗೆ ಹಿರಿಯಳಾದ ಗಂಗವ್ವ. “ಗಂಡ ಇಲ್ಲದಾಕಿ ಮುಟ್ಟಿದ ಮೀನ ಬದುಕತಾವೇನು?”

ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ. ಕೆಸರನ್ನು ನೋಡುತ್ತಲೇ ಹೇಳಿದೆ: “ನಾ ಹಿಂಡಿದ ಎಮ್ಮಿ ಹಾಲಿನ ಚಾ ದಿನಾ ಕುಡಿತೀರಲ್ರಿ ಅಕ್ಕಾ. ನೀವ ಹ್ಯಾಂಗ ಬದುಕೀರಿ?”

ಯಾರೋ ಕಿಸಕ್ಕನೆ ನಕ್ಕರು. ಆದರೆ ಸೀರೆ ಹಿಡಿಯಲು ಯಾರೂ ಬರಲಿಲ್ಲ. (ಹೋದ ವರ್ಷ ಕನ್ನಡ ನಾಡೆಲ್ಲ ಒಂದಾಯಿತು. ನಮ್ಮ ಓಣಿ ಇನ್ನೂ ಆಗಿಲ್ಲ.)

ಮರಿಗಳು ಬಾಯಿ ಮೇಲೆತ್ತಿ ಒದ್ದಾಡುತ್ತಿದ್ದವು. ಇನ್ನೊಂದು ಬಿಸಿಲಿಗೆ ಎಲ್ಲ ಕೆಸರೇ. ಬಗಲಲ್ಲಿ ಮಡಿಸಿಟ್ಟುಕೊಂಡಿದ್ದ ಮದುವೆಯ ಹಸಿರು ಸೀರೆ ಬಿಚ್ಚಿದೆ. ನಿಮ್ಮ ಅಜ್ಜ ತಮ್ಮ ಮಗ್ಗದಲ್ಲೇ ನೇಯ್ದದ್ದು. ಅವರು ಹೋದ ಮೇಲೆ ಅದನ್ನು ಉಡಬಾರದು ಎಂದು ಓಣಿಯವರು ಹೇಳಿದ್ದರು. ಅದರಿಂದ ಮೀನು ಹಿಡಿಯಬಾರದು ಎಂದು ಯಾರಾದರೂ ಹೇಳಿದ್ದರೇ?

ಒಂದು ತುದಿಯನ್ನು ಕಲ್ಲಿಗೆ ಸುತ್ತಿ, ಇನ್ನೊಂದನ್ನು ಎಳೆದೆ. ಮರಿಗಳೆಲ್ಲ ಪಕ್ಕದಿಂದ ಜಾರಿದವು. ಮತ್ತೆ ಎಳೆದೆ. ಮತ್ತೆ ಜಾರಿದವು.

ಇದ್ದಕ್ಕಿದ್ದಂತೆ ಕಲ್ಲಿಗೆ ಸುತ್ತಿದ್ದ ತುದಿ ಮೇಲೆದ್ದಿತು. ನೋಡಿದರೆ ನಿಮ್ಮ ಚಿಗವ್ವ ನೀಲವ್ವ! ಮದುವೆಯಾಗಿ ಬಂದು ಇನ್ನೂ ವರ್ಷವಾಗದ ನನ್ನ ಕಿರಿಯ ಸೊಸೆ, ಮೊಣಕಾಲುದ್ದ ಕೆಸರಲ್ಲಿ.

“ಏ ಹುಡುಗಿ, ನಿನ್ನ ಕುಂಕುಮದ ಖಬರ ಐತಿಲ್ಲೋ?” ಗಂಗವ್ವ ಕೂಗಿದಳು.

“ಐತ್ರಿ ದೊಡ್ಡವ್ವಾ. ಹಣಿ ಮ್ಯಾಲ ಐತಿ, ನೀರಾಗ ಬಿದ್ದಿಲ್ಲ. ಅತ್ತಿ, ಲಗೂ ಎತ್ರಿ!”

ಎರಡು ಕೊಡ ತುಂಬಿದವು. ಒಂದು ಅವಳ ತಲೆಯ ಮೇಲೆ, ಒಂದು ನನ್ನ ತಲೆಯ ಮೇಲೆ. ಓಣಿಯ ನಡುವಿನಿಂದಲೇ ಹೊತ್ತುಕೊಂಡು ಹೋದೆವು.

ಇಂದು ಬಾವಿಯಲ್ಲಿ ಇಣುಕಿದೆ. ಮರಿಗಳು ಚಲೋ ಓಡಾಡುತ್ತಿವೆ. ನನ್ನ ಕೈ ಅಷ್ಟು ಕೆಟ್ಟದ್ದಾದರೆ, ದಿನಾ ಮುಂಜಾನೆ ಆ ಬಾವಿಯಿಂದ ಮೊದಲ ಕೊಡ ಸೇದಲು ಗಂಗವ್ವನೇ ಏಕೆ ಓಡಿ ಬರುತ್ತಾಳೆ?